ಹೊರೇಸನಿಗೆ ಉಳಿದ ಒಂದೇ ಮಾತು

ಹೊರೇಸ್ ಪೆಟಿಟ್ ನಮ್ಮೂರು ನ್ಯೂಮಾರ್ಕೆಟ್ಟಿನ ಲಾಯಗಳಲ್ಲಿ ಪಂದ್ಯದ ಕುದುರೆಗಳ ಮೈ ಉಜ್ಜಿಯೇ ಮುದುಕನಾದವನು. ಒಂದು ಶನಿವಾರ ವಿಲ್ಫ್‌ನ ಕ್ಷೌರದಂಗಡಿಯಲ್ಲಿ ಕೂತು, "ಜಿಪುಣಾ, ಇನ್ನೊಂದಿಷ್ಟು ಲ್ಯಾದರ್ ಹಚ್ಚೋ" ಅಂದ. ವಿಲ್ಫ್ ಬ್ರಶ್ ಎತ್ತುವಷ್ಟರಲ್ಲಿ ಹೊರೇಸನ ಬಾಯಿ ಒಂದು ಕಡೆಗೆ ವಾಲಿತು. ಲಕ್ವ ಹೊಡೆದಿತ್ತು.

ಜೀವ ಉಳಿಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ಆ ಒಂದೇ ಪದ. ಚಹಾ ಬೇಕಾದರೂ ಲ್ಯಾದರ್, ಕಿಟಕಿ ಮುಚ್ಚಬೇಕಾದರೂ ಲ್ಯಾದರ್.

ನಮ್ಮಲ್ಲಿ ಆ ಪದಕ್ಕೆ ಮೊದಲೇ ಅರ್ಥ ಹಲವು. ಗಡ್ಡಕ್ಕೆ ಹಚ್ಚುವ ಸೋಪಿನ ನೊರೆ ಲ್ಯಾದರ್. ಓಡಿ ಬಂದ ಕುದುರೆಯ ಕತ್ತಿನ ಮೇಲೆ ಬೆಳ್ಳಗೆ ಏಳುವ ಬೆವರೂ ಅದೇ. ತುಂಟರಿಗೆ ಬೀಳುವ ಏಟೂ ಲ್ಯಾದರ್, ಮನಸ್ಸಿನ ತಳಮಳವೂ ಲ್ಯಾದರ್.

ವಿಲ್ಫ್ ಈಗ ಮನೆಗೇ ಬಂದು ಕ್ಷೌರ ಮಾಡುತ್ತಿದ್ದ. "ನನ್ನ ಅಂಗಡಿಗೆ ಇಂಥ ಜಾಹೀರಾತು ಇನ್ಯಾರು ಮಾಡ್ತಾರೋ!" ಎಂದು ಕೆಣಕಿದರೆ, ಹೊರೇಸ್ ಎಡಗೈ ಎತ್ತಿ "ಲ್ಯಾದರ್!" ಅನ್ನುತ್ತಿದ್ದ.

"ನೋಡಮ್ಮಾ ಡೊರೀನ್, ನಿಮ್ಮಪ್ಪ ನನಗೆ ಹೊಡೀತಾನಂತೆ!"

ಮಗಳು ಡೊರೀನ್ ನಗುತ್ತಿರಲಿಲ್ಲ. ಬೆಳಿಗ್ಗೆ ಬೇಕರಿ ಕೆಲಸ, ಆಮೇಲೆ ಅಪ್ಪನ ಆರೈಕೆ, ಸೋತುಹೋಗಿದ್ದಳು. ಪಕ್ಕದ ಮನೆಯ ನಾನು ಒಂದು ಮಧ್ಯಾಹ್ನ ಆಪಲ್ ಪೈ ಕೊಡಲು ಹೋದಾಗ ಅಡುಗೆಮನೆಯಲ್ಲಿ ಚಹಾದ ಬಟ್ಟಲು ಒಡೆದು ಬಿದ್ದಿತ್ತು.

"ಚಹಾನೂ ಬೇಡ, ಸೂಪೂ ಬೇಡ. ಮತ್ತೇನಪ್ಪಾ ಬೇಕು ನಿಂಗೆ? ಬೇರೆ ಒಂದು ಮಾತು, ಒಂದೇ ಒಂದು ಮಾತು ಆಡಬಾರದಾ?" ಎಂದು ಕೂಗಿ, ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಳಿಸತೊಡಗಿದಳು.

ಹೊರೇಸ್ ಕುರ್ಚಿ ಹಿಡಿದುಕೊಂಡು, ಕಾಲೆಳೆಯುತ್ತ ಅವಳ ಹತ್ತಿರ ಬಂದ. ಎಡಗೈಯನ್ನು ಅವಳ ಕತ್ತಿನ ಮೇಲಿಟ್ಟು ಮೇಲಿಂದ ಕೆಳಗೆ ನಿಧಾನವಾಗಿ ಸವರಿದ. "ಲ್ಯಾದರ್... ಲ್ಯಾದರ್..." ಬೆದರಿ ಬೆವೆತ ಕುದುರೆಗಳನ್ನು ಅವನು ಸಮಾಧಾನ ಮಾಡುತ್ತಿದ್ದದ್ದು ಇದೇ ದನಿಯಲ್ಲಿ.

ಡೊರೀನ್ ತಲೆ ಎತ್ತದೆಯೇ, "ನಾನೇನು ಕುದುರೇನಾ ಅಪ್ಪಾ?" ಅಂದಳು. ಅಳುವಿನ ನಡುವೆಯೇ ನಗು ಬಂತು. ಅವನೂ ಅರ್ಧ ಬಾಯಲ್ಲಿ ನಕ್ಕ.

ಬೇರೆ ಮಾತಾಡು ಎಂದು ಅವಳು ಮತ್ತೆಂದೂ ಕೇಳಲಿಲ್ಲ. ಸಂಜೆ ಬಾಗಿಲ ಬಳಿ ಕೂತು ಅವಳು ಬೇಕರಿಯ ಸುದ್ದಿ ಹೇಳುವಳು. ಅವನು ಆ ಒಂದೇ ಪದದಲ್ಲಿ ವಾದ ಹೂಡುವನು. ಎಷ್ಟೋ ಸಲ ಅವಳೇ ಸೋಲುವಳು. ಎರಡು ಚಳಿಗಾಲ ಹೀಗೇ ಕಳೆಯಿತು. ಮುಂದಿನ ವಸಂತದಲ್ಲಿ ಒಂದು ಬೆಳಿಗ್ಗೆ ಹೊರೇಸ್ ನಿದ್ದೆಯಲ್ಲೇ ಹೋದ.