ಒಬ್ಬರೇ ಇದ್ದ ಸಾಲು

ಸಂಶೋಧನೆಗೆ ಇಳಿಯುವ ಹೊಸಬರು ಸಲಹೆ ಕೇಳಿಕೊಂಡು ನಮ್ಮ ಮನೆಗೆ ಬರುತ್ತಾರೆ. ಆಸ್ಪತ್ರೆಯವರ ಹತ್ತಿರ ಅನುಮತಿ ಕೇಳಲು ಬರಿಗೈಯಲ್ಲಿ ಹೋಗಬೇಡಿ, ಅವರಿಗೆ ಬೇಕಾದ್ದೊಂದು ನಿಮ್ಮ ಚೀಲದಲ್ಲಿರಲಿ ಎಂದು ಎಷ್ಟೋ ಜನಕ್ಕೆ ಹೇಳಿದ್ದೆ. ಈಗ ಹೇಳುವುದಿಲ್ಲ. ಆ ಮಾತು ನೆನೆದರೇ ಬಾಯಿ ಕಹಿಯಾಗುತ್ತದೆ.

ಚೌಕಾಸಿ ನನಗೆ ಯಾರೂ ಕಲಿಸಿದ್ದಲ್ಲ. ಕಾಲೇಜು ರಜೆಯಲ್ಲಿ ಹಂಪಿಯ ರಸ್ತೆಬದಿ ಕಮಲಾಪುರದ ಬಾಳೆಹಣ್ಣು ಮಾರಿ ಫೀಸು ಕಟ್ಟಿದವನು ನಾನು. ಗಿರಾಕಿ ನಿಂತದ್ದು ಹಣ್ಣಿಗೋ ನೆರಳಿಗೋ ಗೊತ್ತಾದರೆ ಅರ್ಧ ವ್ಯಾಪಾರ ಮುಗಿದಂತೆ. ಮುಂದೆ ಆಸ್ಪತ್ರೆ ಆಡಳಿತದಲ್ಲಿ ಪಿಎಚ್‌ಡಿಗೆ ಸೇರಿ, ಆಸ್ಪತ್ರೆ ಸಿಬ್ಬಂದಿಯ ಮನಸ್ಸಿನ ದಣಿವು ಎಂಬ ವಿಷಯ ಹಿಡಿದಾಗ ಒಬ್ಬರೂ ಒಳಗೆ ಬಿಡಲಿಲ್ಲ. ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಯ ಮಾಲೀಕ ಡಾಕ್ಟರು ಮಾತ್ರ ಕುರ್ಚಿ ತೋರಿಸಿದರು. ಸಂಡೂರು, ಕಂಪ್ಲಿಯಲ್ಲಿ ಅವರ ಶಾಖೆಗಳಿದ್ದವು.

"ಕುಂದ್ರಿ. ಇದರಿಂದ ನನಗೇನು ಸಿಗ್ತದ್ರಿ?"

"ಒಳಗ ಏನು ನಡದೈತಿ ಅಂತ ನಿಮಗ ಯಾರೂ ಹೇಳಂಗಿಲ್ಲ ಸರ್. ನನ್ನ ವರದಿ ಒಂದು ಪ್ರತಿ ನಿಮ್ಮ ಟೇಬಲ್ ಮ್ಯಾಲ ಇರ್ತದ. ಹೆಸರು ಮಾತ್ರ ಇರಂಗಿಲ್ಲ."

"ಹೆಸರು ತಗೊಂಡು ನಾ ಏನ್ ಮಾಡ್ಲಿ?" ಎಂದು ನಕ್ಕು ಸಹಿ ಹಾಕಿದರು. ಬಸ್ ಸ್ಟ್ಯಾಂಡಿನವರೆಗೂ ಗೆದ್ದವನ ಹಾಗೆ ನಡೆದೆ.

ಕಂಪ್ಲಿಯ ಹೆರಿಗೆ ವಾರ್ಡಿನಲ್ಲಿ ಒಬ್ಬ ಹಿರಿಯ ಸಿಸ್ಟರ್ ಇದ್ದರು. (ಊರು, ವಾರ್ಡು ಎರಡನ್ನೂ ಇಲ್ಲಿ ಬದಲಿಸಿದ್ದೇನೆ. ಯಾಕೆಂದು ತಿಳಿಯುತ್ತದೆ.) ಇಪ್ಪತ್ತು ವರ್ಷ ಮೀರಿದ ಅನುಭವ. ಮೂರು ಸಲ ಹೋದಾಗಲೂ "ಎಲ್ಲಾ ಚಲೋ ಐತ್ರಿ" ಅಂದು ಕಳಿಸಿದವರು. ನಾಲ್ಕನೇ ಸಲ ಪ್ರಶ್ನೆಯ ಹಾಳೆ ಹೊರಗೆ ತೆಗೆಯಲೇ ಇಲ್ಲ, ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಹೋದೆ. ತಿನ್ನುತ್ತಾ ಅವರೇ ಶುರು ಮಾಡಿದರು. ಕೈಯಲ್ಲೇ ಒಂದು ಕೂಸು ಹೋಗಿತ್ತು. ಅವರ ತಪ್ಪಿರಲಿಲ್ಲ. ಅವತ್ತಿನಿಂದ ಮನೆಯಲ್ಲಿ ಅನ್ನ ಬಸಿಯುವಾಗ ಕೈ ನಡುಗುತ್ತಿತ್ತಂತೆ, ವಾರ್ಡಿನಲ್ಲಿ ಮಾತ್ರ ಒಂದು ದಿನವೂ ಇಲ್ಲ. ಬಳ್ಳಾರಿಯ ಮನೋವೈದ್ಯರೊಬ್ಬರ ಗುಳಿಗೆ ನಡೆದಿತ್ತು. ಗಂಡನಿಗೂ ಹೇಳಿರಲಿಲ್ಲ.

"ನನ್ನ ಹೆಸರು ಬರಂಗಿಲ್ಲಲ್ಲ ತಮ್ಮಾ?"

"ಹೆಸರು ಎಲ್ಲಿ ಬರ್ತದಕ್ಕಾ, ಬರೇ ಅಂಕಿ ಬರ್ತದ."

"ಹಂಗಾರ ಬರ್ಕೋ. ಈ ವಾರ್ಡ್ ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ಲಪ್ಪ, ಹುಷಾರು."

ಕೊಟ್ಟ ಮಾತಿನಂತೆ ಹೆಸರು ಬಿಟ್ಟೆ. ಕೋಷ್ಟಕ ಮಾಡಿದೆ: ಶಾಖೆ, ಹುದ್ದೆ, ಸೇವೆಯ ವರ್ಷ, ಮನಸ್ಸಿಗೆ ಔಷಧಿ ತಗೊಳ್ಳುವವರು. ಎಷ್ಟು ಸಣ್ಣಗೆ ಸೀಳಿದರೆ ಅಷ್ಟು ಪಾಂಡಿತ್ಯ ಎಂಬ ಹುಚ್ಚು ನನಗೆ. ಮಾರ್ಗದರ್ಶಕರು ಬೆನ್ನು ತಟ್ಟಿದರು, ಪರೀಕ್ಷಕರು ಅದೇ ಹಾಳೆಯನ್ನು ಎತ್ತಿ ಹೊಗಳಿದರು. ಅಷ್ಟು ಓದಿದವರ ಕಣ್ಣಿಗೆ ಬೀಳದ್ದು ಮಾಲೀಕರಿಗೆ ಚಹಾ ಆರುವುದರೊಳಗೆ ಕಂಡಿತು. ನನ್ನೆದುರೇ ಬೆರಳು ಇಳಿಸುತ್ತಾ ಬಂದು ನಿಲ್ಲಿಸಿದರು.

"ಕಂಪ್ಲಿ. ಸ್ಟಾಫ್ ನರ್ಸ್. ಇಪ್ಪತ್ತು ವರ್ಷದ ಮ್ಯಾಲ. ಒಬ್ಬರು. ಅಲ್ರೀ, ಅಲ್ಲಿ ಇಪ್ಪತ್ತು ದಾಟಿದಾಕಿ ಇರೋದ ಒಬ್ಬಾಕಿ. ಪಾಪ, ಗುಳಿಗಿ ನುಂಗಾಕತ್ತಾಳೇನ್ರಿ?"

ಅಲ್ಲ ಸರ್, ಅದು ಟೈಪಿಂಗ್ ತಪ್ಪು ಅನ್ನಬಹುದಿತ್ತು. ಎಳೆ ಕಾಯಿಯನ್ನು ಬಲಿತದ್ದೆಂದು ಮಾರಿದ ಈ ಬಾಯಿ ಅವತ್ತು ಕಟ್ಟಿಹೋಯಿತು. ಅವರೂ ಗಿರಾಕಿಯ ಮುಖ ಓದಬಲ್ಲವರೇ. ಅಷ್ಟೇ ಸಾಕಾಯಿತು.

ಮರುವಾರ ಸಿಸ್ಟರನ್ನು ವಾರ್ಡಿನಿಂದ ತೆಗೆದು ಹಳೆಯ ಕೇಸ್ ಶೀಟು ಇಡುವ ಕೋಣೆಗೆ ಹಾಕಿದರು. "ಅಕ್ಕಗ ತಲಿ ಸರಿ ಇಲ್ಲಂತ" ಎಂದು ಆಯಾಗಳು ಆಡಿಕೊಂಡರು. ಮಾಲೀಕರ ಹತ್ತಿರ ಓಡಿದೆ. ವರದಿ ವಾಪಸ್ ತಗೊಳ್ತೀನಿ, ನಿಮ್ಮ ಸಿಬ್ಬಂದಿಗೆಲ್ಲ ಪುಕ್ಕಟೆ ತರಬೇತಿ ಕೊಡ್ತೀನಿ, ಆಕೆಯನ್ನು ವಾರ್ಡಿಗೆ ಹಾಕ್ರಿ ಅಂದೆ.

"ತರಬೇತಿ ಕೊಡ್ರಿ, ಮಸ್ತ್ ಆಗ್ತದ. ಆದ್ರ ಆಕೀನ ವಾಪಸ್ ಹಾಕಿ ನಾಳೆ ಏನರ ಆತಂದ್ರ, ಗೊತ್ತಿದ್ದೂ ಯಾಕ ಹಾಕಿದ್ರಿ ಅಂತಾರ. ಗೊತ್ತು ಮಾಡಿದವರು ನೀವ ಅಲ್ಲೇನ್ರಿ?"

ಕೊಡಲು ನನ್ನಲ್ಲಿ ಇನ್ನೇನೂ ಉಳಿದಿರಲಿಲ್ಲ. ಅವರು ಚಹಾ ತರಿಸಿದ್ದರು. ಹೇಸಿಗೆಯೆಂದರೆ, ಅದನ್ನು ಪೂರ್ತಿ ಕುಡಿದೇ ಎದ್ದೆ.

ಸಲಹೆ ಬೇಕಿದ್ದರೆ ಇದನ್ನು ತಗೊಳ್ಳಿ: ಕೋಷ್ಟಕದ ಸಾಲಿನಲ್ಲಿ ಒಬ್ಬರೇ ಉಳಿದರೆ ಆ ಸಾಲನ್ನು ಪಕ್ಕದ್ದರ ಜೊತೆ ಕೂಡಿಸಿ, ಇಲ್ಲವೇ ಅಳಿಸಿ. ಹೊಸ ಮಾತೇನಲ್ಲ. ಇದನ್ನೇ ಪರೀಕ್ಷೆಯಲ್ಲಿ ಬರೆದು ನಾನು ಒಳ್ಳೆಯ ಅಂಕ ತಗೊಂಡಿದ್ದೆ.

ಕೊನೆಗೆ ಆ ಕೋಣೆಗೆ ಹೋದೆ. ಸಿಸ್ಟರ್ ಕಡತಗಳನ್ನು ದಾರದಿಂದ ಕಟ್ಟುತ್ತಿದ್ದರು. ಕೈ ನಡುಗುತ್ತಿತ್ತು.

"ಅಕ್ಕಾ, ಬಳ್ಳಾರಿ ಡಾಕ್ಟರ್ ಕಡಿಂದ ಪತ್ರ ತರ್ತೀನಿ. ನಾನೂ ಒಂದು ವಿವರಣೆ ಬರದು ಕೊಡ್ತೀನಿ..." ಎಂದು ಪೆನ್ನು ತೆಗೆದೆ.

ಅವರು ಪೆನ್ನು ಕಿತ್ತುಕೊಂಡು, ಕ್ಯಾಪು ಹಾಕಿ, ನನ್ನ ಜೇಬಿಗೆ ತುರುಕಿದರು.

"ಸಾಕು ತಮ್ಮಾ. ಬರೀಬೇಕಂದ್ರ ಇನ್ನ ನಿನ್ನ ಬಗ್ಗೆ ಬರ್ಕೋ."