ಗಾಳೆಪ್ಪ ತಿದ್ದಿದ ಬಾಣ

ಹಗರಿಬೊಮ್ಮನಹಳ್ಳಿ ಪೇಟೆಯ ಅಂಗಡಿ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ಗಾಳೆಪ್ಪನ ಕುಂಚದವು. ಓದಿದ್ದು ಏಳನೇ ಕ್ಲಾಸು. ಆದರೂ ಅರ್ಥ ತಿಳಿಯದ ಒಂದೇ ಒಂದು ಪದವನ್ನೂ ಅವನು ಬರೆದವನಲ್ಲ.

೧೯೭೯ರ ಡಿಸೆಂಬರಿನಲ್ಲಿ ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರು ಪಾಲಾಕ್ಷಪ್ಪ ಪೆನ್ಸಿಲ್ ಚಿತ್ರವೊಂದನ್ನು ಹಿಡಿದು ಬಂದರು. ಹರಪನಹಳ್ಳಿಯ ವಿಜ್ಞಾನ ಪ್ರದರ್ಶನಕ್ಕೆ, ವೈರಸ್ಸೊಂದು ಬ್ಯಾಕ್ಟೀರಿಯಾದೊಳಗೆ ಹೊಕ್ಕು ಮಾಡುವ ಕೆಲಸವನ್ನು ದೊಡ್ಡ ಹಲಗೆಯ ಮೇಲೆ ಬರೆಯಬೇಕಿತ್ತು.

"ಮೊದ್ಲು ತಿಳಿಸಿ ಹೇಳ್ರಿ ಸರ, ಆಮ್ಯಾಲೆ ಬರೀತೀನಿ," ಎಂದ ಗಾಳೆಪ್ಪ.

ಮೇಷ್ಟ್ರು ಬಣ್ಣದ ಡಬ್ಬಿಯ ಮೇಲೆಯೇ ಕುಳಿತು ಹೇಳಿದರು. ವೈರಸ್ ಒಳಗೆ ಬಿಡುವುದು ತನ್ನ ಡಿಎನ್‌ಎ ಎಳೆಯನ್ನು ಮಾತ್ರ. ಬ್ಯಾಕ್ಟೀರಿಯಾದ ಕಿಣ್ವ ಅದನ್ನು ತನ್ನದೇ ಎಂಬಂತೆ ಓದಿ, ಮೊದಲ ಕೆಲವು ಜೀನುಗಳನ್ನು ಆರ್‌ಎನ್‌ಎಗೆ ನಕಲು ಮಾಡುತ್ತದೆ. ಆ ನಕಲಿನಿಂದ ವೈರಸ್ಸಿನದೇ ನಕಲು ಕಿಣ್ವ ಹುಟ್ಟಿ, ಉಳಿದ ಜೀನುಗಳನ್ನೆಲ್ಲ ಭರಭರನೆ ಬರೆಯುತ್ತದೆ. ಇನ್ನೊಂದು ಪ್ರೋಟೀನು ಬ್ಯಾಕ್ಟೀರಿಯಾದ ಕಿಣ್ವವನ್ನು ತಡೆದು ನಿಲ್ಲಿಸುತ್ತದೆ.

ಗಾಳೆಪ್ಪ ಎರಡು ದಿನ ಕುಂಚ ಮುಟ್ಟಲಿಲ್ಲ. ಮೂರನೇ ದಿನ ಕಾಲೇಜಿಗೇ ನಡೆದುಹೋದ.

"ಸರ, ಈ ಬಾಣ ನೋಡ್ರಿ. ನಿಮ್ ಚಿತ್ರದಾಗ ವೈರಸ್ಸಿನ ಕಿಣ್ವ ಎಳಿ ಜೊತಿಗೇ ಒಳಗ ಹೊಂಟೈತಿ. ಜೊತಿಗೇ ಬಂದ್ರ ಬ್ಯಾಕ್ಟೀರಿಯಾದ್ದು ಯಾಕ ಬೇಕಿತ್ತು?"

ಪಾಲಾಕ್ಷಪ್ಪ ಪುಸ್ತಕ ತೆಗೆದು ನೋಡಿದರು. ಆಮೇಲೆ ರಬ್ಬರನ್ನು ಅವನ ಕಡೆ ಚಾಚಿದರು. "ನೀವು ಹೇಳಿದ್ದ ಖರೆ. ನೀವ ತಿದ್ರಿ."

ಪ್ರದರ್ಶನದ ದಿನ ತೀರ್ಪುಗಾರರಾಗಿ ಬಂದ ಹಿರಿಯ ಪ್ರಾಧ್ಯಾಪಕರು ಹಲಗೆಯ ಮುಂದೆ ನಿಂತರು. "ಬರಿಗೈಲಿ ಬಂದ ಎಳೆ ಇಡೀ ಜೀವಕೋಶವನ್ನು ಹೇಗೆ ವಶ ಮಾಡಿಕೊಳ್ಳುತ್ತೆ?"

ಪಾಲಾಕ್ಷಪ್ಪ ಪಕ್ಕಕ್ಕೆ ಸರಿದರು. "ಇವ್ರನ್ನ ಕೇಳ್ರಿ ಸರ. ನನ್ನ ತಪ್ಪು ಹಿಡಿದೋರು ಇವ್ರ."

ಗಾಳೆಪ್ಪ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಎಳೆಯ ತುದಿಗೆ ಬೆರಳಿಟ್ಟ. "ಮೊದ್ಲು ಅಲ್ಲಿಯೋರ ಕೈಲೇ ಬರಸ್ತೈತ್ರಿ. ತನ್ನ ಬರ್ಯೋನು ಹುಟ್ಟಿದ ಮ್ಯಾಲೆ ಅವ್ರ ಕೈ ಕಟ್ಟಿಬಿಡ್ತೈತಿ. ನೋಡ್ರಿ, ಇಲ್ಲಿ."

ಪ್ರಾಧ್ಯಾಪಕರು ಇನ್ನೆರಡು ಪ್ರಶ್ನೆ ಹಾಕಿದರು. ಎರಡಕ್ಕೂ ಬೆರಳು ಸರಿಯಾದ ಕಡೆಗೇ ಹೋಯಿತು. ಅಷ್ಟರಲ್ಲಿ ಹಲಗೆಯ ಸುತ್ತ ಜನ ಮುತ್ತಿದ್ದರು; ಗಾಳೆಪ್ಪ ದನಿ ಎತ್ತರಿಸಿ ಮೊದಲಿನಿಂದ ಮತ್ತೆ ಶುರುಮಾಡಿದ.

ಮೊದಲ ಬಹುಮಾನ ಬಂತು. ಪ್ರಶಸ್ತಿಪತ್ರದಲ್ಲಿ ಪಾಲಾಕ್ಷಪ್ಪ ಪಟ್ಟುಹಿಡಿದು ಎರಡು ಹೆಸರು ಬರೆಸಿದರು. ಅದನ್ನು ಎದೆಗೆ ಒತ್ತಿಕೊಂಡು, ಸೀಟು ಖಾಲಿಯಿದ್ದರೂ ಕೂರದೆ, ಗಾಳೆಪ್ಪ ಊರಿನವರೆಗೂ ಬಸ್ಸಿನಲ್ಲಿ ನಿಂತೇ ಬಂದ.

ಬಾಗಿಲಲ್ಲಿ ಹೆಂಡತಿ ಹಂಪಮ್ಮ ಕೇಳಿದಳು, "ಏನಾತು?"

"ಗೆದ್ವಿ," ಎಂದ. "ಕುಂದ್ರು, ಹ್ಯಾಂಗಂತ ಹೇಳ್ತೀನಿ."