ತೆಂಗಿನೆಣ್ಣೆ ಹಚ್ಚಿದ ರೈಲು

ನನ್ನ ಹಳೆಯ ಡೈರಿಯ ಅಕ್ಟೋಬರ್ ಹನ್ನೆರಡರ ಪುಟದಲ್ಲಿ ಹೀಗಿದೆ: ‘ರೈಲು ಓಡಲಿಲ್ಲ. ಮಾರುವುದೇ ಸರಿ.’ ಅರವತ್ತು ದಾಟಿದ ಮೇಲೆ ಆಸೆಪಟ್ಟು ಕೊಂಡ ಮೊದಲ ಆಟಿಕೆ ರೈಲು ಅದು. ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದೊಂದಾಗಿ ಜೋಡಿಸಿ ಎಂಜಿನ್ನು, ಬೋಗಿ ಎಲ್ಲವನ್ನೂ ನಾನೇ ಕಟ್ಟಿದ್ದೆ. ಸ್ವಿಚ್ ಒತ್ತಿದರೆ ಚಕ್ರ ಗಿರ್ರೆಂದು ತಿರುಗುತ್ತಿತ್ತು, ರೈಲು ಮಾತ್ರ ನಿಂತಲ್ಲೇ. "ಅತ್ತೆಯ ರೈಲು ಕಾರವಾರ ಬಿಟ್ಟು ಹೋಗೂದೇ ಇಲ್ಲ" ಎಂದು ಸೊಸೆ ನಗುತ್ತಿದ್ದಳು.

ಮೊಬೈಲಿನಲ್ಲಿ ಜಾಹೀರಾತು ಹಾಕಿದೆ. ಕೊಳ್ಳಲು ಅಂಕೋಲೆಯಿಂದ ಬಂದವರು ನನ್ನದೇ ವಯಸ್ಸಿನ ಹೆಂಗಸು. ಮನೆಯಲ್ಲಿ ಇಂಥ ರೈಲುಗಳನ್ನೇ ಕೂಡಿಹಾಕುವವರು. ಎಂಜಿನ್ನು ಎತ್ತಿ ಮೂಸಿದರು.

"ಅಕ್ಕಾ, ಇದಕ್ಕೆ ತೆಂಗಿನೆಣ್ಣೆ ಹಾಕಿದ್ರಾ?"

"ಹೌದು. ಹೊಲಿಗೆ ಮಷಿನ್ನಿಗೂ ಅದೇ ಹಾಕೂದು. ಹಳಿಗೂ ಸ್ವಲ್ಪ ಸವರಿದ್ದೆ."

"ಅಯ್ಯೋ, ಚಕ್ರದ ರಬ್ಬರು ಹಳಿಯನ್ನ ಹಿಡೀಬೇಕಲ್ಲ! ನೀವು ರೈಲಿಗೆ ಅಭ್ಯಂಜನ ಮಾಡ್ಸಿದ್ದೀರಿ."

ಇಬ್ಬರೂ ಸೇರಿ ಚಕ್ರದ ರಬ್ಬರು ಉಂಗುರಗಳನ್ನು ಬಿಚ್ಚಿ, ಹಳಿಯ ಜೊತೆ ಪಾತ್ರೆ ಸೋಪಿನಲ್ಲಿ ತೊಳೆದು ಒರೆಸಿದೆವು. ಮತ್ತೆ ಜೋಡಿಸಿದ್ದೇ ತಡ, ರೈಲು ಊಟದ ಮೇಜಿನ ಕಾಲುಗಳನ್ನು ಸುತ್ತಿ ಬಂತು. ನನ್ನ ಮುಖ ನೋಡಿ ಅವರು, ದುಡ್ಡು ಕೊಡಲು ತೆಗೆದಿದ್ದ ಪರ್ಸನ್ನು ಮತ್ತೆ ಚೀಲದೊಳಗೆ ಹಾಕಿಕೊಂಡರು.

"ಇದನ್ನ ನಾ ತಗೊಳ್ಳೂದಿಲ್ಲ. ನೀವೂ ಮಾರೂದು ಬೇಡ."

ಅಗ್ಗಕ್ಕೆ ಸಿಗುತ್ತದೆಂದು ಅಷ್ಟು ದೂರ ಬಂದವರು, ಓಡುವಂತೆ ಮಾಡಿ ಬಿಟ್ಟುಕೊಟ್ಟರು. ಆ ಉಪಕಾರವನ್ನು ಮರೆಯಲಾರೆ.

ರಿಪೇರಿಗೆ ನನಗೆ ಕೊನೆಗೆ ತಗುಲಿದ್ದು ಇಷ್ಟೇ: ಅವರ ಊಟಕ್ಕೆ ಹುರಿದ ಎರಡು ಬಂಗಡೆ ಮೀನು, ಮತ್ತು ಹೊರಡುವಾಗ ಅವರು ಸಂಕೋಚವಿಲ್ಲದೆ ಕೇಳಿ ಒಯ್ದ ಒಂದು ಹಳದಿ ಬೋಗಿ.